ವಾಕರ್ ಎಲ್ಲರ ಮನೆಗೂ ತಲುಪುತ್ತದೆಯೇ?

ಹೋದ ವರ್ಷ ರಂಜಾನ್‌ಗೆ ಸ್ವಲ್ಪ ಮೊದಲು ನನ್ನ ದಾದಿ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಕೂಡಿಕೊಂಡರೂ ನಡೆಯುವ ಧೈರ್ಯ ಹೋಯಿತು. ಗೋಡೆ ಹಿಡಿದು ಎರಡು ಹೆಜ್ಜೆ ಇಡುವುದು, ಮತ್ತೆ ಕೂರುವುದು. ವಜೂಗೆ ನೀರನ್ನೂ ಅಮ್ಮಿಯೇ ತಂದುಕೊಡಬೇಕು. ಉದಯಗಿರಿಯ ನಮ್ಮ ಮನೆಯಲ್ಲಿ ಏಳು ತಿಂಗಳು ಹೀಗೇ ಕಳೆಯಿತು. ಒಂದು ವಾಕರ್ ಇದ್ದಿದ್ದರೆ ಸಾಕಿತ್ತು.

ಸರ್ಕಾರದ ಯೋಜನೆ ಇಲ್ಲವೆಂದಲ್ಲ. 1981ರಿಂದಲೇ ಕೇಂದ್ರದ ಅಡಿಪ್ ಯೋಜನೆ ಇದೆ. ಶೇ 40ರಷ್ಟಾದರೂ ಅಂಗವೈಕಲ್ಯವಿದೆ ಎಂಬ ಪ್ರಮಾಣಪತ್ರ ಇದಕ್ಕೆ ಬೇಕು. 2017ರ ಏಪ್ರಿಲ್ 1ರಂದು ರಾಷ್ಟ್ರೀಯ ವಯೋಶ್ರೀ ಯೋಜನೆ ಬಂತು. 60 ದಾಟಿದ, ಬಿಪಿಎಲ್ ಕಾರ್ಡ್ ಇರುವ ಅಥವಾ ತಿಂಗಳ ಆದಾಯ 15,000 ರೂಪಾಯಿ ಮೀರದ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ, ಶ್ರವಣ ಸಾಧನ, ಕನ್ನಡಕ, ಹಲ್ಲಿನ ಸೆಟ್ ಉಚಿತ. ಕಾನ್ಪುರದ ಅಲಿಮ್ಕೊ ಎಂಬ ಸರ್ಕಾರಿ ಸಂಸ್ಥೆ ಇದನ್ನು ನಡೆಸುತ್ತದೆ. ಮೊದಲು ತಪಾಸಣಾ ಶಿಬಿರದಲ್ಲಿ ಯಾರಿಗೆ ಏನು ಬೇಕೆಂದು ನೋಡುತ್ತಾರೆ, ಆಮೇಲೆ ಇನ್ನೊಂದು ಶಿಬಿರದಲ್ಲಿ ಹಂಚುತ್ತಾರೆ. ಪ್ರತಿ ಜಿಲ್ಲೆಯಲ್ಲೂ ಸಾಧ್ಯವಾದಷ್ಟು ಶೇ 30 ಫಲಾನುಭವಿಗಳು ಮಹಿಳೆಯರಾಗಿರಬೇಕು ಎಂಬ ನಿಯಮವೂ ಇದೆ.

ಹಾಗಾದರೆ ದಾದಿಗೆ ಏಕೆ ಸಿಗಲಿಲ್ಲ? ತಪ್ಪಿನಲ್ಲಿ ನನ್ನ ಪಾಲೂ ಇದೆ. ನಮ್ಮ ಬೀದಿಗೆ ಬಂದ ಕರಪತ್ರದಲ್ಲಿ 'ವಿಕಲಚೇತನರು ಹಾಗೂ ಹಿರಿಯ ನಾಗರಿಕರಿಗೆ ಸಾಧನ ಸಲಕರಣೆ ತಪಾಸಣಾ ಶಿಬಿರ' ಎಂದಿತ್ತು. ಅಬ್ಬಾ ಮಂಡಿಯಲ್ಲಿ ಕನ್ನಡದಲ್ಲೇ ವ್ಯಾಪಾರ ಮಾಡುತ್ತಾರೆ, ಆದರೆ ಓದಲು ಬಾರದು. ನಾನು ಓದಿ, ವಿಕಲಚೇತನ ಅಂದರೆ ಮಾಜೂರ್ ಎಂದು ಉರ್ದುವಿನಲ್ಲಿ ಹೇಳಿದೆ. ದಾದಿಗೆ ಸಿಟ್ಟು ಬಂತು. "ನಾನು ಮಾಜೂರ್ ಅಲ್ಲ, ವಯಸ್ಸಾಗಿದೆ ಅಷ್ಟೆ" ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ವಯೋಶ್ರೀ ಇರುವುದೇ ವಯಸ್ಸಾದವರಿಗೆ. 'ಹಿರಿಯ ನಾಗರಿಕ' ಎಂಬ ಎರಡನೇ ಮಾತನ್ನು ನಾನು ಹೇಳಿಯೇ ಇರಲಿಲ್ಲ. ಶಿಬಿರ ಮುಗಿದುಹೋಯಿತು.

ಉರ್ದು ಮನೆಗಳಿಗೆ ಮಾತ್ರ ಹೀಗಾಗುವುದಿಲ್ಲ. ನಮ್ಮ ಜಿಲ್ಲೆಯ ಎಚ್.ಡಿ. ಕೋಟೆ ಕಡೆಯ ಜೇನು ಕುರುಬರ ಹಾಡಿಯ ಅಜ್ಜಿಗೆ ಭಾಷೆಗಿಂತ ದೂರವೇ ದೊಡ್ಡ ತೊಡಕು. ಎರಡು ಶಿಬಿರ ಎಂದರೆ ಎರಡು ಸಲ ಪ್ರಯಾಣ, ಜೊತೆಗೆ ಬರುವವರ ಎರಡು ದಿನದ ಕೂಲಿ. ಗಾಲಿಕುರ್ಚಿ ಸಿಕ್ಕರೂ ಅದರ ಸಣ್ಣ ಮುಂದಿನ ಚಕ್ರ ಮಣ್ಣುದಾರಿಯಲ್ಲಿ ಹೂತುಕೊಳ್ಳುತ್ತದೆ. ಇನ್ನು ಬೈಲಕುಪ್ಪೆಯ ಟಿಬೆಟನ್ ಹಿರಿಯರ ವಿಷಯವೇ ಬೇರೆ. ಅಡಿಪ್ ನಿಯಮದ ಮೊದಲ ಷರತ್ತೇ ಭಾರತದ ಪೌರತ್ವ. ನಿರಾಶ್ರಿತರ ಗುರುತುಪತ್ರದ ಮೇಲೆಯೇ ಇಲ್ಲಿ ಮುದುಕರಾದವರು ಅಲ್ಲಿಗೇ ನಿಲ್ಲಬೇಕು. ಇದನ್ನು ಓದಿದಾಗ ನಮ್ಮ ತೊಂದರೆ ಚಿಕ್ಕದೆನಿಸಿತು.

ಕೊನೆಗೆ ಅಬ್ಬಾ ಅಂಗಡಿಯಿಂದಲೇ ವಾಕರ್ ತಂದರು. ಅದು ನಮ್ಮ ಬಚ್ಚಲ ಬಾಗಿಲಿಗಿಂತ ಅಗಲ! ಬಾಗಿಲ ಅಳತೆ ತೆಗೆದುಕೊಂಡು ಹೋಗಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಈಗ ದಾದಿ ಅದನ್ನು ಹೊಸ್ತಿಲವರೆಗೆ ತಳ್ಳಿಕೊಂಡು ಹೋಗಿ, ಒಳಗೆ ಗೋಡೆಗೆ ಹಾಕಿಸಿದ ಕಬ್ಬಿಣದ ಹಿಡಿಕೆ ಹಿಡಿಯುತ್ತಾರೆ. ವಜೂ ಅವರೇ ಮಾಡಿಕೊಳ್ಳುತ್ತಾರೆ, ನಮಾಜು ಕುರ್ಚಿಯ ಮೇಲೆ.

ನಿಮ್ಮ ಬೀದಿಗೆ ಇಂಥ ಕರಪತ್ರ ಬಂದರೆ ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗಕ್ಕೆ ತಂದುಕೊಡಿ. ನಾವು ನಾಲ್ಕು ಜನ ಸೇರಿ ಉರ್ದುವಿನಲ್ಲಿ ಬರೆದುಕೊಡುತ್ತೇವೆ. ತಮಿಳು ಬರೆಯಬಲ್ಲವರು ಒಬ್ಬರು ಬೇಕಾಗಿದ್ದಾರೆ.