ಗುಂಡು ಮೂಲೆ

ಅಕ್ಕಾ, ಮಣ್ಣಿನ ಗೋಡೆಯ ಮೂಲೆ ನೋಡಿ. ದನ ತಾಗಿದರೆ ಚೂಪು ಮೂಲೆ ಒಡೆಯುತ್ತದೆ. ಬಿರುಕಿಗೆ ಮಳೆನೀರು ಇಳಿಯುತ್ತದೆ. ನೆನೆದ ಗೋಡೆ ರಾತ್ರಿ ಕುಸಿದರೆ? ಒಳಗೆ ಮಕ್ಕಳು ಮಲಗಿರುತ್ತಾರೆ.

ಮಳೆಗಾಲಕ್ಕೆ ಮುಂಚೆ ಮೂಲೆಯನ್ನು ಗುಂಡಗೆ ಮೆತ್ತೋಣ.

1. ಮಣ್ಣಿಗೆ ಕತ್ತರಿಸಿದ ಹುಲ್ಲು, ನೀರು ಹಾಕಿ ತುಳಿಯಿರಿ. ಮೂರು ದಿನ ನೆನೆಯಲಿ.

2. ಸಡಿಲ ಮಣ್ಣು ಕೆರೆಯಿರಿ. ಗೋಡೆಗೆ ನೀರು ಚಿಮುಕಿಸಿ. ಒಣ ಗೋಡೆಗೆ ಮಣ್ಣು ಹಿಡಿಯೋದಿಲ್ಲ.

3. ಅಂಗೈಯಿಂದ ಒತ್ತಿ, ಕೆಳಗಿನಿಂದ ಮೇಲಕ್ಕೆ ಮೆತ್ತಿ.

4. ಒಣಗಿದ ಮೇಲೆ ಮತ್ತೆ ನೀರು ಚಿಮುಕಿಸಿ. ಸಗಣಿ ಬೆರೆಸಿದ ನುಣ್ಣನೆ ಮಣ್ಣು ತೆಳ್ಳಗೆ ಬಳಿಯಿರಿ.

5. ಒದ್ದೆ ಗೋಣಿಯನ್ನು ಮೂಲೆಗೆ ಸುತ್ತಿ ಹಿಡಿದು, ಆ ಕಡೆ ಈ ಕಡೆ ಎಳೆಯಿರಿ. ಮೂಲೆ ನುಣುಪಾಗುತ್ತದೆ.

ಕೈಯಾಡಿಸಿ ನೋಡಿ. ಉಬ್ಬು ತಗ್ಗು ಕಣ್ಣಿಗಿಂತ ಕೈಗೆ ಬೇಗ ಗೊತ್ತಾಗುತ್ತೆ.

ಉತ್ತರ ಬರೆಯಿರಿ: ಮಣ್ಣು ಮೆತ್ತುವ ಮೊದಲು ಗೋಡೆಗೆ ಏನು ಚಿಮುಕಿಸಬೇಕು?