ನಾವೆಯ ಹೊರಗೆ ಉಳಿದವರು



ನಿಮ್ಮ ಮನೆಯಲ್ಲಿ ಚಿತ್ರಗಳಿರುವ ಮಕ್ಕಳ ಬೈಬಲ್ ಇದೆಯೇ? ಇದ್ದರೆ, ಈ ಲೇಖನವನ್ನು ಓದುವ ಮೊದಲು ಅದರಲ್ಲಿ ನೋಹನ ಕಥೆಯ ಪುಟವನ್ನು ಒಮ್ಮೆ ತೆರೆದು ನೋಡಿ. ದುಂಡನೆಯ ಪುಟ್ಟ ದೋಣಿ, ಮಾಡಿನ ಮೇಲೆ ಕತ್ತು ಚಾಚಿದ ಎರಡು ಜಿರಾಫೆಗಳು, ಬಿಳಿಗಡ್ಡದ ನಗುಮುಖದ ಅಜ್ಜ, ಹಿಂದೆ ಕಾಮನಬಿಲ್ಲು. ಬಹುಪಾಲು ಪುಸ್ತಕಗಳಲ್ಲಿ ಚಿತ್ರ ಹೀಗೆಯೇ ಇರುತ್ತದೆ. ಜ್ಞಾನಸ್ನಾನದ ದಿನ, ಹುಟ್ಟುಹಬ್ಬದ ದಿನ ಇಂಥ ಪುಸ್ತಕಗಳನ್ನು ನಾನೂ ಎಷ್ಟೋ ಮಕ್ಕಳಿಗೆ ಕೊಟ್ಟಿದ್ದೇನೆ. ಕೊಡುವ ಮೊದಲು ಒಂದು ದಿನವೂ ಕೂತು ಓದಿರಲಿಲ್ಲ.

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಮಳೆ ಸುರಿದು ಗುಡ್ಡಗಳು ಜರಿದುದು ನಿಮಗೆ ನೆನಪಿರಬಹುದು. ಅದಾಗಿ ಕೆಲವು ವಾರಗಳ ನಂತರ ಮನೆಭೇಟಿಗೆಂದು ನನ್ನ ಧರ್ಮಕೇಂದ್ರದ ಒಂದು ಕುಟುಂಬಕ್ಕೆ ಹೋಗಿದ್ದೆ. ಆ ಮನೆಯ ಐದು ವರ್ಷದ ಹುಡುಗಿ ನಾನು ಕೊಟ್ಟಿದ್ದ ಪುಸ್ತಕವನ್ನೇ ತಂದು ನನ್ನ ತೊಡೆಯ ಮೇಲಿಟ್ಟು, ನೋಹನ ಪುಟವನ್ನು ತೆರೆದು, "ಫಾದರ್, ಈ ದೋಣಿಯೊಳಗೆ ಬರದ ಮಕ್ಕಳು ಏನಾದರು?" ಎಂದು ಕೇಳಿದಳು.

ಗುರುಮಠದಲ್ಲಿ ವರ್ಷಗಟ್ಟಲೆ ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿದವನು ನಾನು. ಆದರೂ ಬಾಯಿಗೆ ಬಂದ ಉತ್ತರ ಇದು: "ಅವರು ಕೆಟ್ಟವರಾಗಿದ್ದರು ಮಗಳೇ, ದೇವರ ಮಾತು ಕೇಳಲಿಲ್ಲ."

ಅವಳು ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿದಳು. ಆಮೇಲೆ, "ಹಾಗಾದರೆ ನಮ್ಮ ಮಾವನ ಮನೆಯವರೂ ಕೆಟ್ಟವರಾ?" ಎಂದಳು.

ಅವಳ ಸೋದರಮಾವನ ಮನೆ ಮಣ್ಣಿನಡಿಗೆ ಹೋಗಿತ್ತು. ಜೀವ ಉಳಿಸಿಕೊಂಡು ಓಡಿಬಂದಿದ್ದ ಅವರು ಪರಿಹಾರ ಕೇಂದ್ರದಲ್ಲಿದ್ದರು. ಅಷ್ಟರಲ್ಲಿ ಕಾಫಿ ಬಂತು, ಮಾತು ಬೇರೆ ಕಡೆ ತಿರುಗಿತು. ತಿರುಗಿಸಿದವನು ನಾನೇ.

ಮಗುವಿನ ತರ್ಕದಲ್ಲಿ ತಪ್ಪಿರಲಿಲ್ಲ. ನೀರು ಬಂದದ್ದು ಕೆಟ್ಟವರ ಮೇಲೆ ಎಂದು ನಾನು ಹೇಳಿದ್ದೆ. ಮಾವನ ಮನೆಯ ಮೇಲೂ ನೀರು ಬಂದಿತ್ತು. ಆದರೆ ಸಂತ ಲೂಕರ ಶುಭಸಂದೇಶದ ಹದಿಮೂರನೆಯ ಅಧ್ಯಾಯವನ್ನು ನೋಡಿ. ಸಿಲೊವಾಮಿನಲ್ಲಿ ಗೋಪುರ ಕುಸಿದು 18 ಮಂದಿ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರೆಲ್ಲರಿಗಿಂತ ಹೆಚ್ಚಿನ ಪಾಪಿಗಳಾಗಿದ್ದರೇ ಎಂಬ ಪ್ರಶ್ನೆಯನ್ನು ಯೇಸುಸ್ವಾಮಿ ತಾವೇ ಎತ್ತಿ, ಇಲ್ಲ ಎಂದು ಖಂಡಿತವಾಗಿ ಹೇಳುತ್ತಾರೆ. ಸ್ವಾಮಿ ಬೇಡವೆಂದ ಮಾತನ್ನೇ ನಾನು ಆ ಮಗುವಿನ ಕಿವಿಯಲ್ಲಿ ಹಾಕಿ ಬಂದಿದ್ದೆ.

ಹಾಗಾದರೆ ಚಿತ್ರದ ಪುಸ್ತಕಗಳೇ ಬೇಡವೇ? ಖಂಡಿತ ಬೇಕು. ಕ್ರಿ.ಶ. 600ರ ಸುಮಾರಿಗೆ ಮಾರ್ಸೇಲ್ಸ್‌ನ ಧರ್ಮಾಧ್ಯಕ್ಷ ಸೆರೆನುಸ್ ತಮ್ಮ ದೇವಾಲಯದ ಚಿತ್ರಗಳನ್ನು ಒಡೆಸಿದಾಗ, ಜಗದ್ಗುರು ಮಹಾ ಗ್ರೆಗರಿಯವರು ಪತ್ರ ಬರೆದು ಅವರನ್ನು ತಿದ್ದಿದರು. ಚಿತ್ರಗಳನ್ನು ಆರಾಧಿಸಬಾರದು ನಿಜ. ಆದರೆ ಓದಬಲ್ಲವರಿಗೆ ಗ್ರಂಥ ಏನೋ, ಓದಲಾರದವರಿಗೆ ಚಿತ್ರವೂ ಅದೇ ಎಂಬುದು ಅವರ ವಾದ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆ, ಮಾಡುಗಳನ್ನು ಇಟಲಿಯ ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿ ಚಿತ್ರಗಳಿಂದ ತುಂಬಿದ್ದೂ ಇದೇ ಪರಂಪರೆಯಲ್ಲಿ. ನಾಲ್ಕು ವರ್ಷದ ಮಗು ಓದಲಾರದ ವಿಶ್ವಾಸಿಯೇ ಅಲ್ಲವೇ? ಅದು ಚಿತ್ರವನ್ನು ನಮಗಿಂತ ಸೂಕ್ಷ್ಮವಾಗಿ ಓದುತ್ತದೆ. ಅಲ್ಲಿ ಯಾರಿಲ್ಲ ಎಂಬುದನ್ನೂ ಗಮನಿಸುತ್ತದೆ.

ಚಿತ್ರಕಾರರು ಸೇರಿಸುವ ಸಣ್ಣಪುಟ್ಟ ಸಂಗತಿಗಳ ಬಗ್ಗೆ ನನಗೆ ತಕರಾರಿಲ್ಲ. ಪೂರ್ವದ ಜ್ಞಾನಿಗಳು ಮೂವರೆಂದು ಸಂತ ಮತ್ತಾಯರು ಹೇಳಿಲ್ಲ. ದಮಸ್ಕದ ದಾರಿಯಲ್ಲಿ ಸೌಲ ನೆಲಕ್ಕೆ ಬಿದ್ದನೆಂದಿದೆ, ಕುದುರೆಯ ಮಾತೇ ಇಲ್ಲ. ಇದರಿಂದ ಯಾವ ಮಗುವಿನ ವಿಶ್ವಾಸವೂ ಕೆಡುವುದಿಲ್ಲ. (ನಮ್ಮ ಗೋದಲಿಯಲ್ಲಿ ನವಿಲನ್ನೂ ಇಟ್ಟದ್ದುಂಟು!) ತೊಂದರೆ ಇರುವುದು ಬಿಟ್ಟುಹೋದ ಸಂಗತಿಗಳಲ್ಲಿ.

ಆದಿಕಾಂಡದ ನಾವೆ ಆಟಿಕೆಯ ದೋಣಿಯಲ್ಲ. 300 ಮೊಳ ಉದ್ದ, 50 ಮೊಳ ಅಗಲ, 30 ಮೊಳ ಎತ್ತರದ, ರಾಳ ಬಳಿದ ಮುಚ್ಚಿದ ಪೆಟ್ಟಿಗೆ ಅದು. ಹಾಯಿ, ಹುಟ್ಟು, ಚುಕ್ಕಾಣಿ ಯಾವುದರ ಪ್ರಸ್ತಾಪವೂ ಇಲ್ಲ. ಒಳಗಿರುವವರು ಅದನ್ನು ನಡೆಸಲಾರರು. ಅದಕ್ಕೆ ಹೀಬ್ರೂ ಭಾಷೆಯಲ್ಲಿ 'ತೇವಾ' ಎಂಬ ಪದವಿದೆ. ಅದೇ ಪದ ಇನ್ನೊಮ್ಮೆ ಬರುವುದು ವಿಮೋಚನಕಾಂಡದಲ್ಲಿ, ಶಿಶು ಮೋಶೆಯನ್ನು ಮಲಗಿಸಿ ನೈಲ್ ನದಿಯಲ್ಲಿ ಬಿಟ್ಟ ಪುಟ್ಟ ಬುಟ್ಟಿಗೆ. ಈ ಎರಡು ಚಿತ್ರಗಳನ್ನು ಮಗುವಿಗೆ ಒಟ್ಟಿಗೆ ತೋರಿಸಿ. ಬಹಳ ಮಾತು ಬೇಕಾಗುವುದಿಲ್ಲ.

ಇನ್ನೂ ಒಂದು ವಿಷಯ. ಪ್ರಳಯಕ್ಕೆ ಮುಂಚೆ ದೇವರು ಹಲ್ಲು ಕಡಿದರೆಂದು ಬೈಬಲ್ ಹೇಳುವುದಿಲ್ಲ, ಹೃದಯದಲ್ಲಿ ನೊಂದುಕೊಂಡರೆಂದು ಹೇಳುತ್ತದೆ. ಪ್ರಳಯದ ನಂತರವೂ ಮನುಷ್ಯರ ಹೃದಯ ಬಾಲ್ಯದಿಂದಲೇ ಕೆಟ್ಟದ್ದರ ಕಡೆಗೆ ವಾಲುತ್ತದೆ. ಮನುಷ್ಯ ಬದಲಾಗಲಿಲ್ಲ, ಇನ್ನೆಂದೂ ಹೀಗೆ ಮಾಡೆನೆಂದು ದೇವರೇ ಮಾತು ಕೊಟ್ಟರು. ಮೋಡದಲ್ಲಿ ಇಟ್ಟ ಆ ಬಿಲ್ಲಿಗೆ ಹೀಬ್ರೂವಿನಲ್ಲಿರುವುದು ಬಾಣ ಬಿಡುವ ಬಿಲ್ಲಿನ ಹೆಸರೇ. ಕನ್ನಡದಲ್ಲೂ ನಾವು ಬಿಲ್ಲೆಂದೇ ಅನ್ನುತ್ತೇವೆ, ಅದು ಕಾಮನದೆಂಬುದು ಬೇರೆ ಮಾತು. ಹೋರಾಟ ಮುಗಿಸಿದವನು ಬಿಲ್ಲನ್ನು ಗೋಡೆಗೆ ತೂಗುಹಾಕಿದಂತೆ ಎಂದು ಹೇಳಿದರೆ ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ.

ಧೈರ್ಯ ಮಾಡಿದ ಚಿತ್ರಕಾರರೂ ಇದ್ದಾರೆ. ಪೀಟರ್ ಸ್ಪಿಯರ್ ಎಂಬವರ 'ನೋಹಾಸ್ ಆರ್ಕ್' 1977ರಲ್ಲಿ ಬಂತು, ಮರುವರ್ಷ ಅಮೆರಿಕದ ಕ್ಯಾಲ್ಡೆಕಾಟ್ ಪದಕ ಪಡೆಯಿತು. ಮಾತು ಅತಿ ಕಡಿಮೆ, ಎಲ್ಲವೂ ಚಿತ್ರವೇ. ನಾವೆಯೊಳಗಿನ ಸಗಣಿ, ಗದ್ದಲ, ನೋಹನ ದಣಿವು ಎಲ್ಲವೂ ಅಲ್ಲಿದೆ. ಹೊರಗೆ ಉಳಿದ ಪ್ರಾಣಿಗಳು ಏರುತ್ತಿರುವ ನೀರಿನಲ್ಲಿ ನಿಂತ ಚಿತ್ರವೂ ಇದೆ. ಅದನ್ನು ನೋಡಿದ ಮಗು ಮೌನವಾದರೆ ಅವಸರದಿಂದ ಪುಟ ತಿರುಗಿಸಬೇಡಿ.

ಆದರೆ ಎಲ್ಲ ಕಥೆಯೂ ಎಲ್ಲ ವಯಸ್ಸಿಗೆ ಅಲ್ಲ. ತಂದೆಯ ಪಕ್ಕದಲ್ಲಿ ಮಲಗುವ ನಾಲ್ಕು ವರ್ಷದ ಮಗುವಿಗೆ, ಅಬ್ರಹಾಮ ಮಗನ ಮೇಲೆ ಕತ್ತಿ ಎತ್ತಿದ ಚಿತ್ರವನ್ನು ದೀಪ ಆರಿಸುವ ಹೊತ್ತಿಗೆ ತೋರಿಸಬೇಡಿ. ಅದು ಕಾಯಬಲ್ಲ ಕಥೆ.

ಯೋನನ ಕಥೆಯನ್ನು ಮಾತ್ರ ಪೂರ್ತಿ ಹೇಳಿ. ಪುಸ್ತಕಗಳು ಸಾಮಾನ್ಯವಾಗಿ ಮೀನು ಅವನನ್ನು ದಡಕ್ಕೆ ಕಕ್ಕುವಲ್ಲಿಗೋ, ನಿನೆವೆ ಪಶ್ಚಾತ್ತಾಪ ಪಡುವಲ್ಲಿಗೋ ನಿಂತುಬಿಡುತ್ತವೆ. ನಾಲ್ಕನೆಯ ಅಧ್ಯಾಯಕ್ಕೆ ಚಿತ್ರವೇ ಇರುವುದಿಲ್ಲ. ಊರು ಉಳಿಯಿತಲ್ಲಾ ಎಂದು ಯೋನ ಸಿಟ್ಟುಗೊಂಡು ಹೊರಗೆ ಕೂರುತ್ತಾನೆ. ನೆರಳು ಕೊಟ್ಟ ಗಿಡ ಒಣಗಿದ್ದಕ್ಕೆ ಗೋಳಾಡುತ್ತಾನೆ. ಆಗ ದೇವರು ಅವನಿಗೊಂದು ಪ್ರಶ್ನೆ ಹಾಕುತ್ತಾರೆ: ನೀನು ನೆಡದ ಗಿಡಕ್ಕಾಗಿ ನೀನು ಮರುಗುವೆ, ಬಲಗೈ ಎಡಗೈ ಅರಿಯದ 1,20,000ಕ್ಕಿಂತ ಹೆಚ್ಚು ಜನರೂ ಬಹಳ ದನಕರುಗಳೂ ಇರುವ ಆ ಊರಿಗಾಗಿ ನಾನು ಮರುಗಬಾರದೇ? ಪುಸ್ತಕ ಅಲ್ಲಿಗೇ ಮುಗಿಯುತ್ತದೆ, ಉತ್ತರವಿಲ್ಲ. ಬಲ ಎಡ ಅರಿಯದವರೆಂದರೆ ಎಳೆಯ ಮಕ್ಕಳೇ ಎಂದು ಅನೇಕ ವ್ಯಾಖ್ಯಾನಕಾರರು ಹೇಳಿದ್ದಾರೆ. ನಾವೆಯ ಹೊರಗಿನ ಮಕ್ಕಳ ಬಗ್ಗೆ ನನಗೆ ಸಿಕ್ಕಿರುವ ಉತ್ತರ ಇದೊಂದೇ.

ಎರಡು ಭಾನುವಾರಗಳ ನಂತರ ಪೂಜೆ ಮುಗಿಸಿ ಆ ಹುಡುಗಿಯನ್ನು ಕರೆದೆ. "ಅಂದು ನಾನು ಹೇಳಿದ್ದು ತಪ್ಪು, ಮಗಳೇ. ನಿನ್ನ ಮಾವನವರು ಕೆಟ್ಟವರಲ್ಲ" ಎಂದು ಹೇಳಿ, ಮೆಟ್ಟಿಲ ಮೇಲೆ ಕೂತು ಯೋನನ ಕೊನೆಯ ಅಧ್ಯಾಯವನ್ನು ಹೇಳಿದೆ. ಅವಳು ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ದನಗಳಿಗೂನಾ, ಫಾದರ್?"

"ಹೌದು, ದನಗಳಿಗೂ."

ಮಾವನ ಕೊಟ್ಟಿಗೆಯಲ್ಲಿ ಎರಡು ಹಸುಗಳು ಇದ್ದುವೆಂದು ಅವಳ ತಾಯಿ ಆಮೇಲೆ ನನಗೆ ಹೇಳಿದರು.