ಅಟ್ಟದ ಮೇಲಿನ ಗೆಜ್ಜೆ

ಶಿಡ್ಲಘಟ್ಟ
ಭಾನುವಾರ

ಪುಟ್ಟ,

ಭರತನಾಟ್ಯ ಬಿಟ್ಟು ನಾಟಕಕ್ಕೆ ಸೇರಲೋ, ನಾಟಕ ಬಿಟ್ಟು ನಾಟ್ಯದಲ್ಲೇ ಇರಲೋ ಅಂತ ಕೇಳಿದ್ದೀಯ. ಗೌರಿಬಿದನೂರಿನ ನಿನ್ನ ಅತ್ತೆ ‘ಗಂಡು ಹುಡುಗನಿಗೆ ಎರಡೂ ಬೇಡ’ ಅಂದಳಂತೆ. ಅವಳ ಮಾತು ಬಿಡು.

ರಾಮ್ ಗೋಪಾಲ್ ಹೆಸರು ಕೇಳಿದ್ದೀಯಾ? ನಮ್ಮ ಬೆಂಗಳೂರಲ್ಲೇ ಹುಟ್ಟಿದವರು. ಅಪ್ಪ ರಜಪೂತ ವಕೀಲರು, ತಾಯಿ ಬರ್ಮಾದವರು. ಮಗ ಕುಣಿಯೋದು ಅಪ್ಪನಿಗೆ ಹಿಡಿಸಲಿಲ್ಲ. ಮೈಸೂರಿನ ಯುವರಾಜರು ಬೆನ್ನಿಗೆ ನಿಂತರು. ಕಥಕಳಿಗೆ ಕುಂಜು ಕುರುಪ್, ಭರತನಾಟ್ಯಕ್ಕೆ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೈ. ಒಂದೊಂದು ವಿದ್ಯೆಯನ್ನೂ ಅದರ ಗುರುವಿನ ಮುಂದೆಯೇ ಕೂತು ಕಲಿತರು. ಇಲ್ಲಿ ಸ್ವಲ್ಪ ನಿಂತು ಓದು. ನಾಲ್ಕು ವಿದ್ಯೆ ಬಲ್ಲವರು ಅಂದರೆ ನಾಲ್ಕನ್ನೂ ಅರೆಬರೆ ಕಲಿತವರು ಅಂತಲ್ಲ.

ಅಮೆರಿಕದ ನರ್ತಕಿ ಲಾ ಮೇರಿ ಜೊತೆ ಪೂರ್ವದ ದೇಶಗಳನ್ನು ಸುತ್ತಿದರು. 1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿ ಕುಣಿದರು. 1954ರಲ್ಲಿ ಗ್ರೆಗರಿ ಪೆಕ್ ನಾಯಕನಾಗಿದ್ದ ‘ದಿ ಪರ್ಪಲ್ ಪ್ಲೇನ್’ ಸಿನಿಮಾದಲ್ಲಿ ಪಾತ್ರ ಮಾಡಿದರು. ಆಮೇಲೆ ಬ್ಯಾಲೆಯ ಅಲಿಶಿಯಾ ಮಾರ್ಕೊವಾ ರಾಧೆಯಾದರೆ ಇವರು ಕೃಷ್ಣ! 1999ರಲ್ಲಿ ಬ್ರಿಟನ್ ಸರ್ಕಾರ ಓಬಿಇ ಗೌರವ ಕೊಟ್ಟಿತು, 2003ರಲ್ಲಿ ಅಲ್ಲೇ ತೀರಿಕೊಂಡರು. ಬೆಂಗಳೂರಲ್ಲಿ ಇವತ್ತು ಎಷ್ಟು ಜನಕ್ಕೆ ಈ ಹೆಸರು ಗೊತ್ತು ಹೇಳು.

ಕೆರಿಬಿಯನ್ನಿನ ಟ್ರಿನಿಡಾಡ್‌ನಲ್ಲೂ ಇಂಥವರೊಬ್ಬರಿದ್ದರು, ಜೆಫ್ರಿ ಹೋಲ್ಡರ್. ಆರೂವರೆ ಅಡಿ ಆಳು, ಚಿಕ್ಕಂದಿನಲ್ಲಿ ಉಗ್ಗು. ತಾನೇ ಬರೆದ ಚಿತ್ರಗಳನ್ನು ಮಾರಿ ತನ್ನ ನೃತ್ಯ ತಂಡವನ್ನು ಅಮೆರಿಕಕ್ಕೆ ಕರೆದುಕೊಂಡು ಹೋದರು. ಜೇಮ್ಸ್ ಬಾಂಡ್ ಸಿನಿಮಾದಲ್ಲಿ ನಟಿಸಿದರು. 1975ರಲ್ಲಿ ‘ದಿ ವಿಜ್’ ನಾಟಕದ ನಿರ್ದೇಶನಕ್ಕೊಂದು, ಅದರ ಉಡುಪಿನ ವಿನ್ಯಾಸಕ್ಕೊಂದು, ಒಟ್ಟು ಎರಡು ಟೋನಿ ಪ್ರಶಸ್ತಿ. ರೇಷ್ಮೆ ಊರಿನವನು ನಾನು, ನನಗೆ ಆ ಎರಡನೆಯದೇ ಹೆಚ್ಚು ಇಷ್ಟ.

ಒಂದು ರೇಷ್ಮೆ ಗೂಡಿನ ಎಳೆ ಬರೀ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ಏಳೆಂಟು ಎಳೆ ಕೂಡಿಸಿದರೆ ನಮ್ಮ ಮಿಷನ್ನಿನ ಮೇಲೆ ಒಂದು ನೂಲು. ಆದರೆ ಗೂಡು ಸರಿಯಾಗಿ ಬೇಯದಿದ್ದರೆ ಎಳೆ ಬರೋದೇ ಇಲ್ಲ, ಕಿತ್ತುಹೋಗುತ್ತೆ. ನಾಟ್ಯ, ನಾಟಕ ಎರಡನ್ನೂ ಇಟ್ಟುಕೋ ಪುಟ್ಟ. ಎರಡಕ್ಕೂ ಬೇಯಬೇಕು ಅಷ್ಟೆ.

ನಿಂಗೆ ಹೇಳದಿದ್ದ ಸಂಗತಿ ಒಂದಿದೆ. ಚಿಂತಾಮಣಿ ಕಡೆಯ ಹಳ್ಳಿಯೊಂದರಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ನಾನು ಉತ್ತರೆ ಆಗಿದ್ದೆ. ಹಾರ್ಮೋನಿಯಂ ಮೇಷ್ಟ್ರು ನನಗೆ ಹೆಜ್ಜೆಯನ್ನೂ ಹೇಳಿಕೊಟ್ಟಿದ್ದರು. ನಾಟಕ ಮುಗಿದ ಮಾರನೇ ಬೆಳಿಗ್ಗೆ ನಿನ್ನ ಮುತ್ತಾತ ನನ್ನ ಗೆಜ್ಜೆ ತಗೊಂಡು ಗೂಡು ಬೇಯಿಸುವ ಒಲೆಗೆ ಹಾಕಿಬಿಟ್ಟರು. ಪಟ್ಟಿ ಸುಟ್ಟು ಬೂದಿಯಾಯಿತು, ಹಿತ್ತಾಳೆ ಉಳಿಯಿತು. ಬೂದಿ ಕೆದಕಿ ಒಂದೊಂದೇ ಆರಿಸಿಕೊಂಡು ಅಟ್ಟದ ಮೇಲೆ ಇಟ್ಟಿದ್ದೆ.

ಹೋದ ವಾರ ಇಳಿಸಿದೆ. ಹುಣಸೆಹಣ್ಣು ಹಚ್ಚಿ ಉಜ್ಜಿದ್ದಾಯಿತು, ಚರ್ಮದ ಹೊಸ ಪಟ್ಟಿಗೆ ಹೊಲಿಸಿದ್ದೂ ಆಯಿತು. ನಾಲ್ಕು ಗೆಜ್ಜೆ ಸಿಗಲಿಲ್ಲ. ದಸರಾಕ್ಕೆ ಬಂದಾಗ ಕಟ್ಟಿ ನೋಡು, ನಿನ್ನ ಕಾಲಿಗೆ ಬಿಗಿಯಾದರೆ ಪಟ್ಟಿ ಬಿಚ್ಚಿಸೋಣ.

ಇತಿ ನಿನ್ನ ತಾತ